ಬಚ್ಚಲಲ್ಲಿ ನೀರು ನಿಲ್ಲುತ್ತಿದೆಯೇ? ವಾಟ ತಪ್ಪಿದ ನೆಲ ಸರಿಮಾಡುವ ಲೆಕ್ಕ

ಸ್ನಾನ ಮುಗಿದು ಅರ್ಧ ಗಂಟೆಯಾದರೂ ಶವರ್ ಕೆಳಗಿನ ಮೂಲೆಯಲ್ಲಿ ನೀರು ನಿಂತೇ ಇದ್ದರೆ ಸಾಮಾನ್ಯವಾಗಿ ಮೊದಲು ಜಾಲಿ ಎತ್ತಿ ಕೂದಲು ತೆಗೆಯುತ್ತಾರೆ. ಅದರಿಂದ ಆಗದಿದ್ದರೆ ಆಸಿಡ್ ಸುರಿಯುತ್ತಾರೆ. ಪೈಪು ಕಟ್ಟಿಕೊಂಡಿದ್ದರೆ ಇದರಿಂದ ಪ್ರಯೋಜನವಿದೆ. ನೆಲದ ವಾಟವೇ, ಅಂದರೆ ನೀರು ಜಾಲಿಯ ಕಡೆ ಹರಿಯಲು ಕೊಡುವ ಇಳಿಜಾರೇ, ತಪ್ಪಿದ್ದರೆ ಆಸಿಡ್‌ನಿಂದ ಹಾಳಾಗುವುದು ಟೈಲ್ ಸಂದಿನ ಗ್ರೌಟ್ ಮಾತ್ರ, ನಿಂತ ನೀರು ಅಲ್ಲೇ ಇರುತ್ತದೆ.

ಯಾವುದೆಂದು ತಿಳಿಯಲು ಒಂದು ಬಕೆಟ್ ಸಾಕು. ಸುಮಾರು ಹತ್ತು ಲೀಟರ್ ನೀರನ್ನು ನಹಾನಿ ಟ್ರ್ಯಾಪ್ (ಜಾಲಿಯ ಕೆಳಗೆ ನೀರು ಇಳಿಯುವ ಬಾಗಿದ ಭಾಗ) ಬಾಯಿಗೇ ನೇರವಾಗಿ ಸುರಿಯಿರಿ. ಗಟಗಟನೆ ಇಳಿದರೆ ಪೈಪಿನ ತಪ್ಪಿಲ್ಲ. ಉಕ್ಕಿ ಹೊರಗೆ ಬಂದರೆ ಟ್ರ್ಯಾಪ್ ಅಥವಾ ಪೈಪು ಕಟ್ಟಿದೆ. ಜಿರಲೆ ಬರದಂತೆ ಜಾಲಿಯ ಕೆಳಗೆ ಕೂರಿಸುವ ಬಟ್ಟಲು ಇದ್ದರೆ ಅದನ್ನು ತೆಗೆದು ಇನ್ನೊಮ್ಮೆ ಸುರಿಯಿರಿ. ಎಷ್ಟೋ ಕಡೆ ನೀರನ್ನು ತಡೆಯುವುದು ಆ ಬಟ್ಟಲೇ.

ಪೈಪು ಸರಿಯಿದ್ದರೆ ನೆಲ ನೋಡಬೇಕು. ಬೋರ್‌ವೆಲ್ ನೀರಿನ ಮನೆಗಳಲ್ಲಿ ನೆಲವೇ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ. ನೀರು ನಿಂತು ಆರಿದ ಜಾಗದಲ್ಲೆಲ್ಲ ಉಪ್ಪಿನ ಬಿಳಿ ಕಲೆ ಕೂತಿರುತ್ತದೆ. ಆ ಕಲೆ ಉಜ್ಜಿ ತೆಗೆಯುವ ಮೊದಲು ಅದರ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಂದು ಫೋಟೊ ತೆಗೆದಿಡಿ. ಆಮೇಲೆ ನಾಣ್ಯದಿಂದ ಒಂದೊಂದು ಟೈಲನ್ನೂ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಬಿಟ್ಟುಕೊಂಡಿದೆ, ಇಲ್ಲವೇ ನೆಲದಡಿ ತುಂಬಿದ ಭರ್ತಿ ಕುಸಿದಿದೆ.

ಕುಸಿಯುವುದು ಹೇಗೆ? ಬಚ್ಚಲ ಭಾಗದ ಸ್ಲ್ಯಾಬನ್ನು ಪೈಪು ಹಾಯಿಸಲೆಂದು 8ರಿಂದ 12 ಇಂಚು ತಗ್ಗಿಸಿ ಹಾಕಿರುತ್ತಾರೆ. ಆ ಗುಂಡಿಗೆ ಇಟ್ಟಿಗೆ ಚೂರು ಹಾಕಿ, ಪದರ ಪದರವಾಗಿ ದಮ್ಮಸ್ಸು ಮಾಡಿ, ಗಾರೆಯಿಂದ ಕಟ್ಟಿಕೊಂಡು ಬರಬೇಕು. ಅದರ ಬದಲು ಸೈಟಿನ ಕಸವನ್ನೆಲ್ಲ ಸುರಿದು ಮೇಲೆ ಟೈಲ್ ಹಾಸಿದರೆ ಒಂದೆರಡು ವರ್ಷದಲ್ಲಿ ನಡು ತಗ್ಗುತ್ತದೆ. ಇಂಥ ನೆಲಕ್ಕೆ ಮೇಲಿಂದ ಏನು ಬಳಿದರೂ ದಂಡ.

ಉಳಿದ ಹೆಚ್ಚಿನ ನೆಲಗಳು ಕೆಡುವುದು ಕೆಲಸದ ಕ್ರಮ ತಪ್ಪಿ. ಪ್ಲಂಬರ್ ಬಂದು ಟ್ರ್ಯಾಪ್ ಕೂರಿಸಿ ಹೋಗುತ್ತಾನೆ. ಆಗ ಟೈಲ್ ಹಾಸಿ ಮುಗಿದ ನೆಲದ ಮಟ್ಟ ಎಷ್ಟೆಂದು ಯಾರೂ ಗುರುತು ಹಾಕಿರುವುದಿಲ್ಲ. ವಾರಗಳ ನಂತರ ಬರುವ ಟೈಲ್ ಮೇಸ್ತ್ರಿಗೆ ಮೇಲೆ ಹೊಸಿಲು, ಕೆಳಗೆ ಟ್ರ್ಯಾಪ್ ಬಾಯಿ, ಎರಡರ ನಡುವೆ 10 ಮಿ.ಮೀ ಸಿಗುತ್ತದೆ. 30 ಬೇಕಾದಲ್ಲಿ 10 ಕೊಟ್ಟರೆ ಯಾವ ಮೇಸ್ತ್ರಿಯೂ ವಾಟ ತರಲಾರ. ಬೈಸಿಕೊಳ್ಳುವವನು ಮಾತ್ರ ಅವನೇ.

ಎಷ್ಟು ವಾಟ ಬೇಕು? ಶವರ್ ಜಾಗಕ್ಕೆ ಅಡಿಗೆ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಬಚ್ಚಲಿನ ಒಣ ಭಾಗಕ್ಕೆ ಅಡಿಗೆ 3 ಮಿ.ಮೀ ಸಾಕು. ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಅಡಿಗೆ 8 ಮಿ.ಮೀ ದಾಟಿದರೆ ಸೋಪಿನ ನೀರಿನಲ್ಲಿ ವಯಸ್ಸಾದವರ ಕಾಲು ಜಾರುತ್ತದೆ, ಸ್ಟೂಲು ಅಲುಗಾಡುತ್ತದೆ.

ಒಂದು ಅಳತೆ ಹಿಡಿದು ಲೆಕ್ಕ ಹಾಕೋಣ. ಶವರ್ ಜಾಗ 3 ಅಡಿ ಅಗಲ, 4 ಅಡಿ ಉದ್ದ, ಟ್ರ್ಯಾಪ್ ಒಂದು ಮೂಲೆಯಲ್ಲಿ. ಎದುರು ಮೂಲೆಗೆ ಕರ್ಣ ಸರಿಯಾಗಿ 5 ಅಡಿ. ಅಡಿಗೆ 6ರಂತೆ ಆ ಮೂಲೆ ಟ್ರ್ಯಾಪಿಗಿಂತ 30 ಮಿ.ಮೀ ಎತ್ತರ ಇರಬೇಕು. 3 ಅಡಿ ಗೋಡೆಯ ತುದಿ 11, 4 ಅಡಿ ಗೋಡೆಯ ತುದಿ 19. ಈ ನಾಲ್ಕು ಅಂಕಿ, 0, 11, 19, 30, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಹೀಗಿಟ್ಟರೆ ಇಡೀ ನೆಲ ಒಂದೇ ಓರೆ ಹಲಗೆಯಂತೆ ಕೂರುತ್ತದೆ, ಟೈಲನ್ನು ಎಲ್ಲೂ ಓರೆಯಾಗಿ ಕತ್ತರಿಸಬೇಕಿಲ್ಲ. ಸರಿ ಬಂದಿದೆಯೇ ಎಂದು ನೋಡಲು ನಾಲ್ಕು ಗುರುತಿನಿಂದ ಎರಡು ಕರ್ಣಕ್ಕೂ ನೂಲು ಕಟ್ಟಿ. 0 ಮತ್ತು 30ರ ನಡು 15, 11 ಮತ್ತು 19ರ ನಡುವೂ 15. ಎರಡು ನೂಲು ನಡುವೆ ಒಂದಕ್ಕೊಂದು ತಾಗಬೇಕು. ನಡುವೆ ಸಂದು ಬಿಟ್ಟರೆ ನೆಲ ತಿರುಚಿದೆ ಎಂದರ್ಥ, ನೀರು ನಿಲ್ಲುವ ಜಾಗ ಅಲ್ಲೇ ಹುಟ್ಟಿತು.

ಟ್ರ್ಯಾಪ್ ನಟ್ಟನಡುವೆ ಇದ್ದರೆ ನಾಲ್ಕು ಕಡೆಯಿಂದ ನಾಲ್ಕು ತ್ರಿಕೋನ ಇಳಿಯಬೇಕು. ಅಲ್ಲಿ 2 ಅಡಿಯ ವಿಟ್ರಿಫೈಡ್ ಟೈಲ್ ಹಾಸಿದರೆ ಅದು ಬಾಗುವುದಿಲ್ಲ. ಕರ್ಣದ ಗೆರೆಗೆ ಕತ್ತರಿಸಬೇಕು, ಇಲ್ಲವೇ 4 ಇಂಚಿಗಿಂತ ಚಿಕ್ಕ ಟೈಲ್ ಹಾಕಬೇಕು.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ತಗ್ಗಿದ ಜಾಗಕ್ಕೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಬಳಿದರೆ ನೀರು ಅದರ ಅಂಚಿಗೆ ಸರಿದು ನಿಲ್ಲುತ್ತದೆ. ಹಳೆ ಟೈಲ್ ಮೇಲೆ ಹೊಸ ಟೈಲ್ ಅಂಟಿಸಿದರೆ ಹಳೆ ವಾಟವೇ ಮೇಲೆ ಬರುತ್ತದೆ. ಅಂಟನ್ನೇ 30 ಮಿ.ಮೀ ದಪ್ಪ ತುಂಬುವಂತಿಲ್ಲ, ಅದು ಕುಗ್ಗುತ್ತದೆ. ಚಿಕ್ಕ ರಿಪೇರಿ ಸಾಕಾಗುವುದು ಒಂದೇ ಕಡೆ: ಉಳಿದ ನೆಲಕ್ಕೆ ವಾಟ ಇದ್ದು ಜಾಲಿ ಮಾತ್ರ ಎರಡು ಮೂರು ಮಿ.ಮೀ ಎದ್ದಿದ್ದರೆ. ಆಗ ಸುತ್ತಲಿನ ನಾಲ್ಕು ಟೈಲ್ ತೆಗೆದು, ಟ್ರ್ಯಾಪಿನ ಕತ್ತು ಕೊಯ್ದು ತಗ್ಗಿಸಿದರೆ ಮುಗಿಯಿತು.

ಪೂರ್ತಿ ಒಡೆಯುವುದಾದರೆ ಮೊದಲು ಟ್ರ್ಯಾಪ್ ಬಾಯಿಗೆ ಗೋಣಿ ತುರುಕಿ. ಒಂದು ಹಿಡಿ ಗಾರೆ ಚೂರು ಒಳಗೆ ಬಿದ್ದರೆ ಕೆಳಗಿನ ಬಾಗುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಡೆಯುವ ಜಾಗದ ಅಂಚನ್ನು ಗ್ರೈಂಡರ್‌ನಿಂದ ಕೊಯ್ದುಕೊಂಡು, ಟ್ರ್ಯಾಪಿನ ಸುತ್ತ ಒಂದಡಿಯನ್ನು ಉಳಿ ಸುತ್ತಿಗೆಯಲ್ಲೇ ಬಿಡಿಸಿ. ಅಲ್ಲಿ ಒಡೆಯುವ ಬ್ರೇಕರ್ ಯಂತ್ರ ಹಚ್ಚಿದರೆ ಅದುರುವಿಕೆಗೆ ಪಿವಿಸಿ ಜೋಡಣೆ ಬಿಡುತ್ತದೆ, ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುವ ತನಕ ಗೊತ್ತೂ ಆಗುವುದಿಲ್ಲ. ಗೋಡೆಯ ಕೆಳಗಿನ ಸಾಲು ಟೈಲ್ ಕೂಡ ತೆಗೆಯಬೇಕು. ಅದನ್ನು ಉಳಿಸಿಕೊಳ್ಳುವ ಆಸೆಗೆ ಬಿದ್ದವರಿಗೆ ವಾಟರ್‌ಪ್ರೂಫಿಂಗ್ ಗೋಡೆಗೆ ಹತ್ತಿಸಲು ಜಾಗವೇ ಇರುವುದಿಲ್ಲ.

ಈಗ ಮೇಲಿನಿಂದ ಕೆಳಕ್ಕೆ ಲೆಕ್ಕ ಹಾಕಿ. ಟೈಲ್ 9, ಅಂಟು 4, ವಾಟರ್‌ಪ್ರೂಫಿಂಗ್ 2, ಒಟ್ಟು 15 ಮಿ.ಮೀ. ಟ್ರ್ಯಾಪಿನ ಪಕ್ಕದಲ್ಲಿ ಗಾರೆಯ ಮೇಲ್ಮೈ, ಟೈಲ್ ಹಾಸಿ ಮುಗಿದ ನೆಲಕ್ಕಿಂತ 15 ಮಿ.ಮೀ ಕೆಳಗೆ ನಿಲ್ಲಬೇಕು. ಅಲ್ಲಿ ಗಾರೆಯ ದಪ್ಪ 25ಕ್ಕಿಂತ ಕಡಿಮೆಯಾದರೆ ಸಿಪ್ಪೆಯಂತೆ ಏಳುತ್ತದೆ. ಜಾಲಿಯ ಚೌಕಟ್ಟು ಟೈಲಿಗಿಂತ ಒಂದೂವರೆ ಮಿ.ಮೀ ತಗ್ಗಿರಲಿ. ಶವರ್ ಭಾಗದ ಅತಿ ಎತ್ತರದ ಮೂಲೆಯೂ ಹೊಸಿಲಿಗಿಂತ ಕೆಳಗೇ ಇರಬೇಕು. ಇಲ್ಲವಾದರೆ ಟ್ರ್ಯಾಪ್ ಇನ್ನೂ ತಗ್ಗಿಸಿ, ವಾಟ ಕದಿಯಬೇಡಿ.

ನಯವಾದ ಪಿವಿಸಿಗೆ ಗಾರೆ ಹಿಡಿಯುವುದಿಲ್ಲ. ಟ್ರ್ಯಾಪಿನ ಹೊರಮೈಯನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪು ಅಂಟಿಸಲು ಹಚ್ಚುವ ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಒಣ ಮರಳು ಉದುರಿಸಿ. ಮರುದಿನ ಸುತ್ತಲಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಈ ಸಂದಿನಲ್ಲೇ.

ಗಾರೆ ಒಂದಕ್ಕೆ ನಾಲ್ಕು, ಅಂದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು. ಮೇಲಿನ 12 ಚದರಡಿಗೆ ಸರಾಸರಿ 40 ಮಿ.ಮೀ ದಪ್ಪ ಹಿಡಿದರೆ ಸಿಮೆಂಟ್ 17 ಕೆ.ಜಿ, ಮರಳು ಸುಮಾರು 1.7 ಘನ ಅಡಿ. ಕೆಳಗೆ ಬಳಿಯುವ ಸಿಮೆಂಟ್ ಹಾಲೂ ಸೇರಿ ಅರ್ಧ ಮೂಟೆ. ಎಂ ಸ್ಯಾಂಡ್ ದಪ್ಪನೆಯದೇ ಇರಲಿ. ಪ್ಲಾಸ್ಟರಿಂಗ್‌ಗೆ ತಂದ ನುಣುಪಾದ ಮರಳಲ್ಲಿ ಹಾಕಿದರೆ ಬಿರುಕು ಬಿಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳ ಸಂದಿನಿಂದ ನೀರು ಸೋರಬಾರದು. ವಾಟ ನೋಡಲು 2 ಅಡಿಯ ರಸಮಟ್ಟದ ಒಂದು ತುದಿಗೆ 12 ಮಿ.ಮೀ ದಪ್ಪದ ಮರದ ತುಂಡು ಕಟ್ಟಿ, ಆ ತುದಿಯನ್ನು ಟ್ರ್ಯಾಪ್ ಕಡೆಗಿಟ್ಟು ಕರ್ಣದ ದಿಕ್ಕಿನಲ್ಲಿ ಇಡಿ. ಗುಳ್ಳೆ ನಡುವೆ ನಿಂತರೆ ಅಡಿಗೆ 6 ಬಂದಿದೆ. ಏಳು ದಿನ ಒದ್ದೆ ಗೋಣಿ ಹೊದಿಸಿ.

ವಾಟರ್‌ಪ್ರೂಫಿಂಗ್ ಬಳಿಯಬೇಕಾದದ್ದು ಈ ಓರೆ ಗಾರೆಯ ಮೇಲೆ. ಹಳಬರು ಕೆಳಗಿನ ಸ್ಲ್ಯಾಬಿಗೆ ಮಾತ್ರ ಬಳಿದು ಬಿಡುತ್ತಾರೆ. ಆಗ ಗ್ರೌಟಿನಿಂದ ಇಳಿದ ನೀರು ಭರ್ತಿಯೊಳಗೆ ಕೆರೆಯಂತೆ ನಿಂತು ವಾಸನೆ ಹಿಡಿಯುತ್ತದೆ. ಪುಡಿ ಮತ್ತು ದ್ರವ ಕಲಸುವ ಪಾಲಿಮರ್ ಸಿಮೆಂಟ್ ಲೇಪವಾದರೆ ಈ ಜಾಗಕ್ಕೆ ಸುಮಾರು 3 ಕೆ.ಜಿ ಬೇಕು. ನೆಲ ಗೋಡೆ ಸೇರುವ ಮೂಲೆಗಳಿಗೆ ಮೊದಲು ಗಾರೆಯ ಗೋಲ (ಮೂಲೆ ದುಂಡಾಗುವಂತೆ ತುಂಬುವ ಗಾರೆ), ಅದರ ಮೇಲೆ ಫೈಬರ್ ಜಾಲರಿ, ಆಮೇಲೆ ಒಂದು ಕೋಟು ಉದ್ದಕ್ಕೆ, ಒಂದು ಅಡ್ಡಕ್ಕೆ. ಗೋಡೆಗೆ ಕನಿಷ್ಠ ಒಂದಡಿ ಹತ್ತಲಿ, ಟ್ರ್ಯಾಪ್ ಬಾಯಿಯೊಳಕ್ಕೂ ಇಳಿಯಲಿ.

ಲೇಪ ಮೂರು ದಿನ ಆರಿದ ಮೇಲೆ ಟ್ರ್ಯಾಪಿಗೆ ಪ್ಲಗ್ ಹಾಕಿ, ಶವರ್ ಜಾಗದ ತೆರೆದ ಅಂಚಿಗೆ ಗಾರೆಯ ತಾತ್ಕಾಲಿಕ ಕಟ್ಟೆ ಕಟ್ಟಿ, ಎತ್ತರದ ಮೂಲೆಯೂ ಮುಳುಗುವಷ್ಟು ನೀರು ನಿಲ್ಲಿಸಿ. 48 ಗಂಟೆ. ಗೋಡೆಯ ಮೇಲೆ ಮಟ್ಟದ ಗುರುತಿರಲಿ, ಆವಿಯಾಗಿ ಕೊಂಚ ಇಳಿಯುವುದು ಸಹಜ. ಅಪಾರ್ಟ್‌ಮೆಂಟಾದರೆ ಕೆಳಗಿನ ಮನೆಯವರಿಗೆ ಮೊದಲೇ ಹೇಳಿ ಅವರ ಸೀಲಿಂಗ್ ನೋಡಿಬನ್ನಿ. ಪ್ಲಗ್ ತೆಗೆದ ಮೇಲೆ ಲೇಪದ ಮೇಲೆ ಎಲ್ಲಾದರೂ ನೀರು ನಿಂತರೆ ಈಗಲೇ ತಿದ್ದಿ. ಟೈಲ್ ಕೂತ ಮೇಲೆ ತಿದ್ದುವುದೆಂದರೆ ಮತ್ತೆ ಒಡೆಯುವುದೇ.

ಟೈಲಿಗೆ ಐಎಸ್ 15477ರ (ಟೈಲ್ ಅಂಟಿನ ಭಾರತೀಯ ಮಾನದಂಡ) ಟೈಪ್ 2 ಅಥವಾ ಅದಕ್ಕಿಂತ ಮೇಲಿನ ಅಂಟು, 20 ಕೆ.ಜಿಯ ಒಂದು ಚೀಲ ಧಾರಾಳ. ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಅಂಟಿಸುವುದಕ್ಕೆ ಬಿಡಬೇಡಿ, ಟೊಳ್ಳು ಬರುವುದು ಹಾಗೆಯೇ. ಸಂದು 3 ಮಿ.ಮೀ. ಗ್ರೌಟ್ ತುಂಬುವ ಮೊದಲು, ಅಂಟು ಹಿಡಿದ ಮರುದಿನ, ಎತ್ತರದ ಮೂಲೆಯಲ್ಲಿ ಒಂದು ಚೊಂಬು ನೀರು ಹಾಕಿ ಹರಿಯುವ ದಾರಿ ನೋಡಿ. ಸಂದು ಚೆನ್ನಾಗಿ ಆರಿದ ಮೇಲೆ ಎಪಾಕ್ಸಿ ಗ್ರೌಟ್ ತುಂಬಿ, ಒಂದು ಕೆ.ಜಿ ಡಬ್ಬಿಯಲ್ಲಿ ಉಳಿಯುತ್ತದೆ. ನೆಲ ಗೋಡೆ ಸೇರುವ ಮೂಲೆಗೆ ಮಾತ್ರ ಸಿಲಿಕಾನ್, ಅಲ್ಲಿ ಗಟ್ಟಿ ಗ್ರೌಟ್ ಬಿರಿಯುತ್ತದೆ. ಎಪಾಕ್ಸಿಯ ಪೊರೆಯನ್ನು ಅದು ಗಟ್ಟಿಯಾಗುವ ಮುನ್ನವೇ ಒದ್ದೆ ಸ್ಪಾಂಜಿನಲ್ಲಿ ಒರೆಸಿ. ಶವರ್ ತಿರುಗಿಸಲು ಇನ್ನೂ ಮೂರು ದಿನ ತಡೆಯಿರಿ. ಒಡೆದ ದಿನದಿಂದ ಎಣಿಸಿದರೆ ಎರಡೂವರೆ ಮೂರು ವಾರ ಆ ಬಚ್ಚಲು ಸಿಗುವುದಿಲ್ಲ.