ಇಲಿ ಬಿದ್ದರೆ ಮೊದಲು ಚಿಗಟ, ಆಮೇಲೆ ಇಲಿ

ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರುವ ಚಳಿಗಾಲದಲ್ಲಿ ಕಲಬುರಗಿ, ಬೀದರ ಕಡೆ ಇಲಿ ಕಾಟ ಜೋರು. ಅಂಗಡಿಯಿಂದ ಪಾಷಾಣ ತಂದು, ಜೋಳದ ನುಚ್ಚಿಗೆ ಕಲಸಿ ಮೂಲೆಮೂಲೆಗೆ ಇಡುವುದು ರೂಢಿ. ಮಾಮೂಲಿ ದಿನಗಳಲ್ಲಿ ಅದಕ್ಕೇನೂ ತಕರಾರಿಲ್ಲ. ಆದರೆ ಯಾರೂ ಪಾಷಾಣ ಇಡದೆಯೇ ಇಲಿಗಳು ಹಾಡಹಗಲೇ ತೂರಾಡುತ್ತ ಹೊರಬಂದು, ಒಂದರ ಹಿಂದೆ ಒಂದು ಸಾಯತೊಡಗಿದರೆ, ಅಂದರೆ ‘ಇಲಿ ಬಿದ್ದರೆ’, ಮಾತೇ ಬೇರೆ. ಅದು ಪ್ಲೇಗ್ ಇರಬಹುದು. ಆಗ ಮೊದಲಿಗೇ ಇಲಿ ಕೊಲ್ಲಲು ಹೊರಡುವುದೇ ದೊಡ್ಡ ತಪ್ಪು.

ಪ್ಲೇಗ್ ಮನುಷ್ಯರಿಗೆ ಹೆಚ್ಚಾಗಿ ದಾಟುವುದು ಇಲಿಯ ಮೈಮೇಲಿನ ಚಿಗಟದಿಂದ. ರೋಗಾಣು ಎರ್ಸಿನಿಯಾ ಪೆಸ್ಟಿಸ್ ಚಿಗಟದ ಹೊಟ್ಟೆಯ ಬಾಯಲ್ಲಿ ಬೆಳೆದು ಗಡ್ಡೆಕಟ್ಟಿ ದಾರಿ ಮುಚ್ಚುತ್ತದೆ. ಕುಡಿದ ರಕ್ತ ಒಳಗಿಳಿಯುವುದಿಲ್ಲ, ಹಸಿವು ಇಂಗುವುದಿಲ್ಲ. ಹಸಿದ ಚಿಗಟ ಮತ್ತೆಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ರೋಗಾಣು ಬೆರೆತ ರಕ್ತವನ್ನು ಗಾಯಕ್ಕೇ ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಅದನ್ನು ಬಿಟ್ಟು, ಬಿಸಿರಕ್ತದ ಇನ್ನೊಂದು ಮೈ ಹುಡುಕುತ್ತದೆ. ನೀವು ಪಾಷಾಣ ಇಟ್ಟು ಒಂದೇ ರಾತ್ರಿ ಐವತ್ತು ಇಲಿ ಕೊಂದರೆ, ಅಷ್ಟೂ ಇಲಿಗಳ ಚಿಗಟ ಮಲಗಿದ ಮಕ್ಕಳ ಕೌದಿಗೆ ಬರುತ್ತದೆ.

ಈ ನಂಟನ್ನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟವರು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋಂಡ್. ಮುಂಬೈಗೆ ಪ್ಲೇಗ್ ಬಂದದ್ದು 1896ರಲ್ಲಿ, ಬೆಂಗಳೂರಿಗೆ 1898ರಲ್ಲಿ. ಮುಂದಿನ ಎರಡು-ಮೂರು ದಶಕಗಳಲ್ಲಿ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಸಿಮೋಂಡ್ ಹೇಳಿದ್ದನ್ನು ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರ ಗೋಡೆಗೆ ಸುಣ್ಣ ಹೊಡೆಸಿತು, ಮೋರಿಗೆ ಕ್ರಿಮಿನಾಶಕ ಕಾರ್ಬಾಲಿಕ್ ಆಮ್ಲ ಸುರಿಸಿತು, ಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದಿತು. ಚಿಗಟಕ್ಕೆ ಏನೂ ಆಗಲಿಲ್ಲ. ಅದಕ್ಕಿಂತ, ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಹಳ್ಳಿಗರ ಲೆಕ್ಕಾಚಾರವೇ ಸರಿಯಿತ್ತು. ಅವರು ಸೋತದ್ದು ಹಾಸಿಗೆ, ಕೌದಿ, ಕಾಳಿನ ಚೀಲಗಳನ್ನೂ ಹೊತ್ತೊಯ್ದಾಗ. ಚಿಗಟ ಇಲಿಯ ಹಂಗಿಲ್ಲದೆ ಚೀಲದೊಳಗೆ ದಿನಗಟ್ಟಲೆ ಬದುಕಿ ರೈಲಿನಲ್ಲೂ ಪ್ರಯಾಣ ಮಾಡುತ್ತದೆ.

ನಮ್ಮ ಕಡೆಯ ಬಿಸಿಲು ಒಂದು ಮಟ್ಟಿಗೆ ಕಾಪಾಡುತ್ತದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಚಿಗಟದ ಹೊಟ್ಟೆಯ ಆ ಗಡ್ಡೆ ನಿಲ್ಲುವುದು ಕಷ್ಟ. ಒಣ ಸೆಕೆಯಲ್ಲಿ ಚಿಗಟವೇ ಬೇಗ ಸಾಯುತ್ತದೆ. ದಖ್ಖನ್ನಿನಲ್ಲಿ ಪ್ಲೇಗ್ ಬೇಸಿಗೆಯಲ್ಲಿ ಇಳಿದು, ಮಳೆಯ ನಂತರ ಮತ್ತು ಚಳಿಯಲ್ಲಿ ಏರುತ್ತಿದ್ದುದಕ್ಕೆ ಇದೇ ಕಾರಣ. ಹಾಗೆಂದು ಬಿಸಿಲನ್ನೇ ನಂಬಿ ಕೂರುವಂತಿಲ್ಲ. ಮೇ ತಿಂಗಳಲ್ಲಿ ಮೇಲೆ 42 ಡಿಗ್ರಿ ಸುಡುತ್ತಿದ್ದರೂ ಬಿಲದ ಆಳದಲ್ಲಿ, ಹಗೇವಿನ ತಳದಲ್ಲಿ ತಂಪೇ ಇರುತ್ತದೆ.

ಬೀದರ, ಆಳಂದದವರಿಗೆ ತೀರ ಹತ್ತಿರದ ಪಾಠವೊಂದಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಮಹಾರಾಷ್ಟ್ರದ ಬೀಡ ಜಿಲ್ಲೆಯ ಮಾಮಲಾ ಊರಿನ ಜನ ತಾತ್ಕಾಲಿಕ ಶೆಡ್ಡುಗಳಿಗೆ ಹೋದರು, ಕಾಳು ಹಳೆ ಮನೆಗಳಲ್ಲೇ ಉಳಿಯಿತು. ತಿನ್ನಲು ಸಮೃದ್ಧಿ, ಓಡಿಸುವವರಿಲ್ಲ. ಇಲಿ ಹೆಚ್ಚಿದವು. 1994ರ ಆಗಸ್ಟ್‌ನಲ್ಲಿ ಮೊದಲು ಇಲಿ ಬಿದ್ದವು, ಆಮೇಲೆ ಜನರ ತೊಡೆಸಂದಿಯಲ್ಲಿ ಪ್ಲೇಗಿನ ಗಡ್ಡೆ ಕಾಣಿಸಿದವು. ಮರುತಿಂಗಳೇ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಸುದ್ದಿಯಾಗಿ ಲಕ್ಷಾಂತರ ಜನ ಊರು ಬಿಟ್ಟರು. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯಲ್ಲಿ ಸಣ್ಣ ಪ್ರಮಾಣದಲ್ಲಿ ಬಂದು ಹೋಯಿತು. ಮಡಗಾಸ್ಕರ್‌ನಲ್ಲಿ 2017ರಲ್ಲಿ ಒಂದೇ ಹಂಗಾಮಿಗೆ 2,400ಕ್ಕೂ ಹೆಚ್ಚು ಪ್ರಕರಣ, 209 ಸಾವು. ನಾಡಿನಲ್ಲಿ ರೋಗಿಗಳಿಲ್ಲದಿದ್ದರೂ ರೋಗಾಣು ಹೊಲದ ಬದುಗಳಲ್ಲಿ ಬಿಲ ತೋಡುವ, ಬಾಲದ ತುದಿಗೆ ಕೂದಲ ಕುಚ್ಚಿರುವ ಕಾಡಿಲಿಗಳಲ್ಲಿ ಸದ್ದಿಲ್ಲದೆ ಉಳಿಯಬಲ್ಲದು. ಕರ್ನಾಟಕ, ಆಂಧ್ರ, ತಮಿಳುನಾಡು ಗಡಿ ಕೂಡುವ ಕೋಲಾರದ ಸೀಮೆಯನ್ನು ಇದಕ್ಕಾಗಿಯೇ ಕಣ್ಣಿಟ್ಟು ನೋಡುತ್ತ ಬಂದಿದ್ದಾರೆ. ಕಲಬುರಗಿಯಲ್ಲಿ ಇವತ್ತಿನ ಅಪಾಯ ಕಡಿಮೆಯೇ. ಇಲಿಯೂ ಚಿಗಟವೂ ಇರುವವರೆಗೆ ಅದು ಸೊನ್ನೆಯಲ್ಲ, ಅಷ್ಟೆ.

ಇಲಿ ಬಿದ್ದರೆ ಏನು ಮಾಡಬೇಕು? ಬರಿಗೈಯಲ್ಲಿ ಮುಟ್ಟಬೇಡಿ, ಬಾಲ ಹಿಡಿದು ತಿಪ್ಪೆಗೆ ಎಸೆಯಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಅವರು ಪರೀಕ್ಷೆಗೆ ಒಯ್ಯದಿದ್ದರೆ ಕೀಟನಾಶಕ ಸಿಂಪಡಿಸಿ, ಇಕ್ಕಳದಿಂದ ಎತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಳವಾಗಿ ಹೂಳಿ. ಮುಂದಿನದು ಆರೋಗ್ಯ ಇಲಾಖೆಯವರ ಕೆಲಸ, ಆದರೆ ಕ್ರಮ ನಿಮಗೂ ಗೊತ್ತಿರಲಿ. ಸಂಜೆ ಎಲ್ಲ ಬಿಲಗಳನ್ನು ಮಣ್ಣಿನಿಂದ ಮುಚ್ಚುತ್ತಾರೆ. ಬೆಳಿಗ್ಗೆ ತೆರೆದಿದ್ದರೆ ಅದು ಇಲಿಯಿರುವ ಬಿಲ. ಅದರ ಬಾಯಿಗೆ, ಇಲಿ ಓಡಾಡುವ ಜಾಡಿಗೆ ಚಿಗಟ ಸಾಯುವ ಪುಡಿ ಉದುರಿಸುತ್ತಾರೆ. ಚಿಗಟ ಕಡಿಮೆಯಾದದ್ದು ಖಚಿತವಾದ ಮೇಲೆಯೇ ಪಾಷಾಣ.

ಆ ಪಾಷಾಣ ಜಿಂಕ್ ಫಾಸ್ಫೈಡ್ ಆಗಿದ್ದರೆ 960 ಗ್ರಾಂ ನುಚ್ಚಿಗೆ 20 ಗ್ರಾಂ ಎಣ್ಣೆ, 20 ಗ್ರಾಂ ಪಾಷಾಣ. ಅದಕ್ಕೂ ಮೊದಲು ಎರಡು ಮೂರು ದಿನ ಪಾಷಾಣವಿಲ್ಲದ ಎಣ್ಣೆ-ನುಚ್ಚನ್ನೇ ಇಟ್ಟು ರುಚಿ ಹತ್ತಿಸಬೇಕು. ನೇರವಾಗಿ ಇಟ್ಟರೆ ಇಲಿ ಚೂರು ನೆಕ್ಕಿ, ಹೊಟ್ಟೆ ಕೆಟ್ಟು, ಆ ಕಡೆ ಮತ್ತೆ ತಲೆ ಹಾಕುವುದಿಲ್ಲ. ಕೈಗವಸು ಬೇಕು, ಒದ್ದೆ ಕೈ ಕೂಡದು. ಅದರ ವಿಷಕ್ಕೆ ಪ್ರತಿಮದ್ದಿಲ್ಲ.

ಇಲಿ ಬಿದ್ದ ಕಡೆಯವರಿಗೆ ದಿಢೀರ್ ಜ್ವರ, ನಡುಕ, ತೊಡೆಸಂದಿಯಲ್ಲೋ ಬಗಲಲ್ಲೋ ಮುಟ್ಟಗೊಡದ ಗಡ್ಡೆ ಬಂದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇಲಿ ಸತ್ತ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ತಾವಾಗಿ ಅದನ್ನು ಕೇಳುವ ವೈದ್ಯರು ಕಡಿಮೆ. ಗಡ್ಡೆಗೆ ಬರೆ ಹಾಕಿಸುವುದು, ಕೊಯ್ಯಿಸುವುದು ಬೇಡ. ಪೆನಿಸಿಲಿನ್ ನಂಬುವಂತಿಲ್ಲ. ಕೆಲಸ ಮಾಡುವುದು ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್. ಕೆಮ್ಮಿನಲ್ಲಿ ರಕ್ತ ಬರುವ ಶ್ವಾಸಕೋಶದ ಪ್ಲೇಗ್‌ಗೆ 24 ಗಂಟೆಯೊಳಗೆ ಔಷಧ ಬೀಳದಿದ್ದರೆ ಉಳಿಯುವುದು ಕಷ್ಟ. ಅದಕ್ಕೇ ಮಾದರಿ ತೆಗೆದ ಕೂಡಲೇ, ವರದಿಗೆ ಕಾಯದೆ ಇಂಜೆಕ್ಷನ್ ಶುರು ಮಾಡುತ್ತಾರೆ. ಜೊತೆಗಿದ್ದ ದೊಡ್ಡವರಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು ಸಲ, ಏಳು ದಿನ. ಮೂರನೇ ದಿನಕ್ಕೆ ಏನೂ ಆಗಲಿಲ್ಲವೆಂದು ಮಾತ್ರೆ ಬಿಡಬೇಡಿ.