ಸಿನಿಮಾದಲ್ಲಿ ಕಾರ್ ಓಡಿಸ್ತೀರಲ್ಲ, ಇಲ್ಲಿ ಯಾಕೆ ಆಟೋ?

ತರಕಾರಿ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ ಗುರುತು ಹಿಡಿದವರು ಕೇಳುವ ಪ್ರಶ್ನೆ ಇದೇ. ನಾನು ಅಮ್ಮನ ಪಾತ್ರಗಳನ್ನು ಮಾಡುವವಳು. ಒಂದು ಸಿನಿಮಾದಲ್ಲಿ ಜೋರು ಮಳೆಯಲ್ಲಿ ಮಗನನ್ನು ಕಾರಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವ ಸೀನಿದೆ. “ಅದು ನೀವೇನಾ ಓಡ್ಸಿದ್ದು ಮೇಡಂ? ಮತ್ತೆ ಆಟೋದಲ್ಲಿ ಬಂದಿದ್ದೀರಾ?”

ಅರ್ಧ ನಾನು. ದೂರದ ಶಾಟಿನಲ್ಲಿ ಕಾರು ಜಾರಿ ತಿರುಗುತ್ತಲ್ಲ, ಅದು ನನ್ನಂಥದೇ ಸೀರೆ ಉಟ್ಟು, ವಿಗ್ ಹಾಕಿಕೊಂಡ ಫೈಟರ್ ಹುಡುಗ. ಹತ್ತಿರದಿಂದ ನನ್ನ ಮುಖ ಕಾಣುವಾಗ ಕಾರು ಸ್ಟುಡಿಯೋ ಫ್ಲೋರ್‌ನಲ್ಲಿ ನಿಂತೇ ಇತ್ತು. ಇಬ್ಬರು ಹಿಂದಿನ ಬಂಪರ್ ಹಿಡಿದು ಅಲುಗಾಡಿಸುತ್ತಿದ್ದರು, ಒಬ್ಬ ಪೈಪಿನಲ್ಲಿ ಗಾಜಿಗೆ ನೀರು ಬಿಡುತ್ತಿದ್ದ, ಇನ್ನೊಬ್ಬ ಎದುರು ಬರುವ ಗಾಡಿಯ ಬೆಳಕು ಅಂತ ಲೈಟ್ ಹಿಡಿದು ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದ. ರಸ್ತೆಯಲ್ಲೇ ತೆಗೆಯಬೇಕು ಅಂದರೆ ತಗ್ಗಾದ ಟ್ರೈಲರ್ ಮೇಲೆ ಕಾರನ್ನು ಹತ್ತಿಸಿ ಎಳೆದುಕೊಂಡು ಹೋಗುತ್ತಾರೆ. ಈಗೀಗ ದೊಡ್ಡ ಎಲ್‌ಇಡಿ ಪರದೆಯಲ್ಲಿ ಮೊದಲೇ ತೆಗೆದ ರಸ್ತೆಯನ್ನು ಓಡಿಸುತ್ತಾರೆ, ನಾವು ಅದರ ಮುಂದೆ ಕೂತು ಸ್ಟೀರಿಂಗ್ ಅಲ್ಲಾಡಿಸಿದರೆ ಆಯಿತು. (ಹಳೆಯ ಸಿನಿಮಾಗಳಲ್ಲಿ ನೆಟ್ಟಗಿರುವ ರಸ್ತೆಯಲ್ಲೂ ಹೀರೋ ಸ್ಟೀರಿಂಗನ್ನು ಅಷ್ಟು ತಿರುಗಿಸುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.)

ಇವೆಲ್ಲ ದೊಡ್ಡ ಸೀನುಗಳ ಕಥೆ. ಅಲ್ಲಿ ಯಾರೂ ಧೈರ್ಯ ಕಳೆದುಕೊಳ್ಳುವುದಿಲ್ಲ. ಎಡವಟ್ಟಾಗುವುದು ಚಿಕ್ಕ ಶಾಟುಗಳಲ್ಲಿ. ಕಾರು ಬರುತ್ತೆ, ಗೇಟಿನ ಮುಂದೆ ನಿಲ್ಲುತ್ತೆ, ಅಮ್ಮ ಇಳಿದು ಒಂದು ಡೈಲಾಗ್ ಹೇಳ್ತಾಳೆ. ಇಷ್ಟಕ್ಕೆ ಡ್ಯೂಪ್ ಕರೆಸುವುದಿಲ್ಲ. “ಡ್ರೈವಿಂಗ್ ಬರುತ್ತಲ್ವಾಮ್ಮಾ?” ಅಂತ ಕೇಳುತ್ತಾರೆ. ಮಾರುತಿ 800 ಕಾಲದಿಂದ ಓಡಿಸುತ್ತಿದ್ದವಳು ನಾನು. ಬರುತ್ತೆ ಅಂದೆ.

ಆವತ್ತಿನ ಕಾರನ್ನು ಸ್ವಲ್ಪ ನೋಡಿ. ಹಿಂದಿನ ಸೀಟಿನ ಕ್ಯಾಮೆರಾಗೆ ಅಡ್ಡ ಬರುತ್ತೆ ಅಂತ ಒಳಗಿನ ಕನ್ನಡಿ ಬಿಚ್ಚಿಟ್ಟಿದ್ದರು. ಬಾನೆಟ್ ಮೇಲೆ ಕಬ್ಬಿಣದ ರಾಡುಗಳು, ಗಾಳಿ ಎಳೆದು ಅಂಟಿಸುವ ರಬ್ಬರ್ ಕಪ್ಪುಗಳು, ಬೆಲ್ಟು, ಅದರ ಮೇಲೆ ಇನ್ನೊಂದು ಕ್ಯಾಮೆರಾ, ಪಕ್ಕದಲ್ಲಿ ಲೈಟು. ರಸ್ತೆ ಅನ್ನುವುದು ರಾಡುಗಳ ಸಂದಿಯಲ್ಲಿ ಕಾಣುವಷ್ಟು ಮಾತ್ರ. ಮೈಕಿಗೆ ಸದ್ದು ಬರುತ್ತೆ ಅಂತ ಎಸಿ ಆಫ್, ಗಾಜು ಮೇಲೆ. ಹಿಂದೆ ಸೌಂಡ್‌ನವರ ಹುಡುಗ ಕಾಲು ಮಡಚಿಕೊಂಡು ಕೂತಿದ್ದ. ಫೋಕಸ್ ತಪ್ಪದಿರಲಿ ಅಂತ ಕಾರು ನಿಲ್ಲಬೇಕಾದ ಕಡೆ ಮರಳಿನ ಮೂಟೆ ಇಟ್ಟಿದ್ದರು. ಒಳಗೆ ಕೂತವರಿಗೆ ಆ ಮೂಟೆ ಕಾಣುವುದೇ ಇಲ್ಲ, ಬಾನೆಟ್ ಮರೆ. ಪಕ್ಕದ ಲೈಟ್ ಕಂಬ ನೋಡಿಕೊಂಡು ನಿಲ್ಲಿಸಬೇಕು. ಆದರೆ ಡೈರೆಕ್ಟರ್‌ಗೆ ನನ್ನ ಲುಕ್ ಗೇಟಿನ ಕಡೆಗೇ ಬೇಕಿತ್ತು.

ಇದೆಲ್ಲ ಸರಿ, ಅಭ್ಯಾಸ ಇದೆ. ಆಮೇಲೆ ಅಸೋಸಿಯೇಟ್ ಡೈರೆಕ್ಟರ್ ಬಂದು, “ಅಮ್ಮಾ, ಎಂಜಿನ್ ಸೌಂಡ್ ಬರ್ತಿದೆ. ಆಫ್ ಮಾಡ್ಬಿಡಿ, ಕೀ ಮಾತ್ರ ಆನ್ ಇರ್ಲಿ. ನಾವು ಹಿಂದಿನಿಂದ ತಳ್ತೀವಿ” ಅಂದ. ಸೆಟ್ಟಿನಲ್ಲಿ ಇದು ಮಾಮೂಲಿ. ಕೀ ಪೂರ್ತಿ ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತೆ, ಅದಕ್ಕೆ ಆನ್.

ರಿಹರ್ಸಲ್‌ನಲ್ಲಿ ಒಂದೆರಡು ಸಲ ಬ್ರೇಕ್ ಒತ್ತಿದೆ, ಹಿಡಿಯಿತು. ಟೇಕ್‌ನಲ್ಲಿ ಒತ್ತಿದರೆ ಪೆಡಲ್ ಕಲ್ಲು. ಕೆಳಗೆ ಹೋಗಲೇ ಇಲ್ಲ. ರಸ್ತೆ ಸ್ವಲ್ಪ ಇಳಿಜಾರು ಬೇರೆ. ಕಾರು ಮೂಟೆ ಮೇಲೆ ಹತ್ತಿ ನಿಂತಿತು. ಎದುರಿಗಿದ್ದ ಕ್ಯಾಮೆರಾ ಅಸಿಸ್ಟೆಂಟ್ ಪಕ್ಕಕ್ಕೆ ಹಾರಿದ. ಯಾರಿಗೂ ಏನೂ ಆಗಲಿಲ್ಲ. “ಮೇಡಂ, ಸ್ವಲ್ಪ ಮುಂದೆ ಬಂದ್ರಿ. ಒನ್ ಮೋರ್” ಅಂತ ಮೈಕಿನಲ್ಲಿ ಕೇಳಿಸಿತು. ಅಷ್ಟೇ. ಏನಾಯಿತು ಅಂತ ಯಾರೂ ಹೇಳಲಿಲ್ಲ. ಅಮ್ಮನಿಗೆ ವಯಸ್ಸಾಯಿತು ಅಂತ ಅವರಿಗೆ ಅನಿಸಿರಬೇಕು, ನನಗೂ ಹಾಗೇ ಅನಿಸಿತು. ಅದೇ ಹೀರೋ ಆಗಿದ್ದರೆ “ಗಾಡಿ ಸರಿ ಇಲ್ಲ, ಬೇರೆ ತರ್ಸಿ” ಅನ್ನುತ್ತಿದ್ದರು. ಇರಲಿ.

ತೊಂದರೆ ಶುರುವಾಗಿದ್ದು ನನ್ನ ಸ್ವಂತ ಕಾರಿನಲ್ಲಿ. ವಿಜಯನಗರದಿಂದ ರಿಂಗ್ ರೋಡ್ ಹಿಡಿದು ಕಂಠೀರವ ಸ್ಟುಡಿಯೋ ಕಡೆಗೆ ಹೋಗುವುದು ನನಗೆ ಕಣ್ಣು ಮುಚ್ಚಿದರೂ ಗೊತ್ತಿರುವ ದಾರಿ. ಸುಮನಹಳ್ಳಿ ಫ್ಲೈಓವರ್ ಇಳಿಯುವಾಗ ಕಾಲು ಸುಮ್ಮನೆ ಬ್ರೇಕ್ ಮೇಲೆ ಹೋಗುತ್ತಿತ್ತು. ಮುಂದೆ ಮೂರು ಕಾರಿನಷ್ಟು ಜಾಗ ಬಿಟ್ಟು ಹೋಗುತ್ತಿದ್ದೆ. ಬೆಂಗಳೂರಿನಲ್ಲಿ ಅಷ್ಟು ಜಾಗ ಬಿಟ್ಟರೆ ಏನಾಗುತ್ತೆ ಹೇಳಿ? ಎರಡು ಬೈಕು, ಒಂದು ಆಟೋ ತೂರುತ್ತವೆ, ನಾನು ಮತ್ತೆ ಬ್ರೇಕ್, ಹಿಂದಿನವರ ಹಾರ್ನ್. ಆಮೇಲೆ ಒಳಗೊಳಗೇ ಹೇಳಿಕೊಳ್ಳೋಕೆ ಶುರು ಮಾಡಿದೆ: ಈಗ ಕ್ಲಚ್ಚು, ಈಗ ಗೇರು, ಈಗ ಮೆಲ್ಲಗೆ ಬಿಡು. ಅಲ್ಲಿಗೆ ಪೂರ್ತಿ ಕೆಟ್ಟಿತು. ದಿನಾ ರಂಗೋಲಿ ಹಾಕುವವರನ್ನು ಮಧ್ಯದಲ್ಲಿ ನಿಲ್ಲಿಸಿ, ಈ ಎಳೆ ಹೇಗೆ ತಿರುಗಿಸಿದ್ರಿ ಅಂತ ಕೇಳಿ ನೋಡಿ, ಮುಂದಿನ ಎಳೆ ಸೊಟ್ಟ. ಕೈಕಾಲಿಗೆ ಕೂತುಬಿಟ್ಟ ಕೆಲಸವನ್ನು ತಲೆ ಬಿಡಿಬಿಡಿಯಾಗಿ ಕಾಯಲು ಹೊರಟರೆ ಹೀಗೇ ಆಗುವುದು. ಆಟಗಾರರಿಗೂ ಆಗುತ್ತೆ, ಸಂಗೀತದವರಿಗೂ ಆಗುತ್ತೆ.

ಆಟೋ ಶುರುವಾಗಿದ್ದು ಆಗಲೇ. ಸಲಹೆಗಳಿಗೇನೂ ಬರವಿರಲಿಲ್ಲ. ಧೈರ್ಯ ಮಾಡು ಅಂದರು. ಮಾಡೋದು ಹೇಗೆ ಅಂತ ಹೇಳಲಿಲ್ಲ. ತಂಗಿ ದೃಷ್ಟಿಯಾಗಿದೆ ಅಂದಳು. ಮೈಸೂರು ರಸ್ತೆಯ ಗಾಳಿ ಆಂಜನೇಯ ಸ್ವಾಮಿ ಹತ್ತಿರ ಹೋಗಿ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಹತ್ತಿಸಿದೆವು. ಕಾರಿಗೆ ಒಳ್ಳೆಯದಾಯಿತು, ನನ್ನ ಕಾಲಿಗೆ ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಬೇರೊಂದು ಸಿನಿಮಾದ ಪ್ರೊಡಕ್ಷನ್ ಗಾಡಿ ಓಡಿಸುತ್ತಿದ್ದ ಹಿರಿಯರು. ಪಿಕಪ್‌ಗೆ ಬಂದಾಗ ದಾರಿಯಲ್ಲಿ ಕಥೆ ಹೇಳಿದೆ. “ಎಂಜಿನ್ ಆಫ್ ಇತ್ತಲ್ವಾಮ್ಮಾ? ಮತ್ತೆ ಬ್ರೇಕ್ ಹೆಂಗೆ ಹಿಡಿಯುತ್ತೆ?” ಅಂದರು. ಒಂದು ಭಾನುವಾರ ಬೆಳಿಗ್ಗೆ ಕೆಂಪೇಗೌಡ ಬಡಾವಣೆಯ ಖಾಲಿ ರಸ್ತೆಗೆ ನನ್ನ ಕಾರನ್ನೇ ತರಿಸಿದರು. ಹ್ಯಾಂಡ್‌ಬ್ರೇಕ್ ಹಾಕಿಸಿ, ಎಂಜಿನ್ ಆಫ್ ಮಾಡಿಸಿ, ಬ್ರೇಕ್ ಒತ್ತಿ ಬಿಡಿ, ಒತ್ತಿ ಬಿಡಿ ಅಂದರು. ಮೊದಲು ಮೆತ್ತಗಿತ್ತು. ಒತ್ತುತ್ತಾ ಹೋದಂತೆ ಗಟ್ಟಿಯಾಯಿತು. ಅದೇ ಕಲ್ಲು! “ಕಾಲು ತೆಗೀಬೇಡಿ, ಈಗ ಸ್ಟಾರ್ಟ್ ಮಾಡಿ.” ಕೀ ತಿರುಗಿಸಿದ ತಕ್ಷಣ ಪೆಡಲ್ ಕಾಲಿನ ಕೆಳಗೆ ತಾನಾಗಿ ಇಳಿಯಿತು.

ಈಗಿನ ಕಾರುಗಳಲ್ಲಿ ನಮ್ಮ ಕಾಲಿನ ಬಲ ಮಾತ್ರ ಬ್ರೇಕ್ ಹಿಡಿಯುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಎಂಜಿನ್ ಗಾಳಿ ಎಳೆದುಕೊಂಡು ಉಂಟುಮಾಡುವ ನಿರ್ವಾತದಿಂದ ಬೂಸ್ಟರ್ ಅನ್ನುವ ಡಬ್ಬಿ ಸಹಾಯ ಮಾಡುತ್ತೆ. ಎಂಜಿನ್ ನಿಂತರೆ ಉಳಿದದ್ದು ಒಂದೆರಡು ಒತ್ತಿಗೆ ಸಾಕು. ಆಮೇಲೆ ಬ್ರೇಕ್ ಇಲ್ಲ ಅಂತಲ್ಲ, ಆದರೆ ಪೂರ್ತಿ ಮೈಭಾರ ಹಾಕಿ ತುಳಿಯಬೇಕು. ನನ್ನ ಪಾಲಿನ ಒತ್ತು ರಿಹರ್ಸಲ್‌ನಲ್ಲೇ ಮುಗಿದಿತ್ತು.

ಗೊತ್ತಾದ ಮಾತ್ರಕ್ಕೆ ಕಾಲು ಸರಿಹೋಗಲಿಲ್ಲ. ತಲೆಗೆ ಗೊತ್ತಾಗಿದ್ದು ಕಾಲಿಗೆ ಇಳಿಯೋಕೆ ಟೈಮ್ ಬೇಕು. ಭಾನುವಾರದ ಬೆಳಿಗ್ಗೆಗಳಲ್ಲಿ ಅದೇ ಖಾಲಿ ರಸ್ತೆ, ಆಮೇಲೆ ನಾಗರಬಾವಿ, ಆಮೇಲೆ ರಿಂಗ್ ರೋಡು. ಪಕ್ಕದಲ್ಲಿ ಸಲಹೆ ಕೊಡುವವರನ್ನು ಕೂರಿಸಿಕೊಳ್ಳಲಿಲ್ಲ. ರೇಡಿಯೋ ಹಾಕಿಕೊಂಡೆ. ತಲೆ ಹಾಡಿನ ಕಡೆ ಹೋದಷ್ಟೂ ಕಾಲು ತನ್ನ ಕೆಲಸ ತಾನು ಮಾಡಿತು.

ಹಾಗಾಗಿ ಈಗ ಓಡಿಸುತ್ತೇನೆ. ಆದರೂ ಗಾಂಧಿ ಬಜಾರಿಗೆ ಆಟೋದಲ್ಲೇ ಬರುತ್ತೇನೆ, ಯಾಕೆಂದರೆ ಅಲ್ಲಿ ಪಾರ್ಕಿಂಗ್ ಸಿಗಲ್ಲ. ರಾತ್ರಿ ಕಾಲ್‌ಶೀಟ್ ಇದ್ದರೆ ಪ್ರೊಡಕ್ಷನ್ ಗಾಡಿ ಕೇಳುತ್ತೇನೆ, ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಓಡಿಸುವ ಹಟ ನನಗಿಲ್ಲ.

ಸೆಟ್ಟಿನಲ್ಲಿ ಮಾತ್ರ ಸ್ವಲ್ಪ ಕಿರಿಕಿರಿ ಹೆಂಗಸಾಗಿದ್ದೇನೆ. ಟೇಕಿಗೆ ಮೊದಲು ಆ ಕಾರನ್ನು ಸುಮ್ನೆ ಒಂದು ರೌಂಡ್ ಓಡಿಸಿ ನೋಡಬೇಕು ಅನ್ನುತ್ತೇನೆ. ತಳ್ಳುವುದಾದರೆ ಕಾರಿನ ಮುಂದೆ ಯಾರೂ ನಿಲ್ಲಬಾರದು, ಹ್ಯಾಂಡ್‌ಬ್ರೇಕ್ ಕೈಗೆ ಸಿಗುವಂತಿರಬೇಕು. ಮೊನ್ನೆ ಒಬ್ಬ ಮ್ಯಾನೇಜರ್ ಫೋನ್ ಮಾಡಿ, “ಅಮ್ಮಾ, ಡ್ರೈವಿಂಗ್ ಬರುತ್ತಾ?” ಅಂದ. “ಬರುತ್ತಪ್ಪಾ, ಎಂಜಿನ್ ಆನ್ ಇರುತ್ತಾ?” ಅಂತ ಕೇಳಿದೆ. ಡೈರೆಕ್ಟರ್ ಹತ್ರ ಕೇಳಿ ಹೇಳ್ತೀನಿ ಅಂದಿದ್ದಾನೆ.