ನಾಮಪದಕ್ಕೆ ತಕ್ಕ ಪ್ರಿಪೊಸಿಷನ್: ಆಂಕಿ ಡೆಕ್‌ನ ಹೊಸ ವಿಂಗಡಣೆ

ಆಂಕಿ ಎಂದರೆ ಪ್ರಶ್ನೆ-ಉತ್ತರದ ಕಾರ್ಡುಗಳನ್ನು ಆಗಾಗ ಮತ್ತೆ ಕೇಳುವ ಆ್ಯಪ್; ಅದರ ಕಾರ್ಡುಗಳ ಸಂಗ್ರಹವೇ ಡೆಕ್. ನಮ್ಮದು ಇಂಗ್ಲಿಷ್ ನಾಮಪದಗಳ ಜೊತೆ ಬರುವ ಪ್ರಿಪೊಸಿಷನ್ (‘ಫಾರ್’, ‘ಆಫ್’ನಂಥ ಸಂಬಂಧಸೂಚಕ ಪದ) ಕಲಿಸುವ ಡೆಕ್. ಹಳೆಯ ಡೆಕ್‌ನಲ್ಲಿ ‘ಫಾರ್’ ಒಂದು ಕಟ್ಟು, ‘ಆಫ್’ ಒಂದು ಕಟ್ಟು, ‘ಟು’ ಒಂದು ಕಟ್ಟು. ಹಾಗಿದ್ದರೆ ಎರಡನೇ ಕಾರ್ಡಿಗೇ ಉತ್ತರ ಗೊತ್ತಾಗಿಬಿಡುತ್ತದೆ, ನಾಮಪದದ ಕಡೆ ಕಣ್ಣೇ ಹೋಗುವುದಿಲ್ಲ. ಈಗ ಕನ್ನಡದ ಪ್ರತ್ಯಯ ಹಿಡಿದು ಟ್ಯಾಗ್ ಹಾಕಿದ್ದೇವೆ. ಕಲಿಯುವವರ ತಪ್ಪು ಹುಟ್ಟುವುದು ಆ ಪ್ರತ್ಯಯದಿಂದಲೇ.

ಎಲ್ಲಕ್ಕಿಂತ ದೊಡ್ಡದು ‘ಗೆ/ಕ್ಕೆ’ ಟ್ಯಾಗ್. ಈರುಳ್ಳಿಗೆ ಬೇಡಿಕೆ: ಡಿಮ್ಯಾಂಡ್ ಫಾರ್. ಸಮಸ್ಯೆಗೆ ಪರಿಹಾರ: ಸೊಲ್ಯೂಷನ್ ಟು. ಬೆಳೆಗೆ ಹಾನಿ: ಡ್ಯಾಮೇಜ್ ಟು. ಕಾಟ ಕೊಡುವುದು ‘ಕಾರಣ’. ಬೆಂಕಿಗೆ ಕಾರಣ ‘ಕಾಸ್ ಆಫ್’, ತಡವಾಗಿದ್ದಕ್ಕೆ ಕಾರಣ ‘ರೀಸನ್ ಫಾರ್’. ಈ ಜೋಡಿಯನ್ನು ಒಂದೇ ದಿನ ಕಲಿಸಿದರೆ ಎರಡೂ ಕಲಸಿಹೋಗುತ್ತವೆ; ‘ಕಾಸ್’ ಗಟ್ಟಿಯಾದ ಮೇಲಷ್ಟೇ ‘ರೀಸನ್’ ಕಲಿಸಬೇಕು.

‘ಮೇಲೆ’ ಟ್ಯಾಗ್ ಸಲೀಸು. ಪರಿಣಾಮ, ದಾಳಿ, ತೆರಿಗೆ ಮೂರಕ್ಕೂ ‘ಆನ್’ ಸರಿಹೊಂದುತ್ತದೆ. ದೇವರ ಮೇಲಿನ ನಂಬಿಕೆ ಮಾತ್ರ ‘ಬಿಲೀಫ್ ಇನ್’, ಮಕ್ಕಳ ಮೇಲಿನ ಪ್ರೀತಿ ‘ಲವ್ ಫಾರ್’.

ಬರೀ ‘ಡಿಮ್ಯಾಂಡ್ ___’ ಎಂದಿದ್ದ ಕಾರ್ಡುಗಳನ್ನೆಲ್ಲ ತೆಗೆದಾಯಿತು. ‘ಡಿಮ್ಯಾಂಡ್ಸ್ ಆಫ್ ದ ಜಾಬ್’, ‘ಡಿಮ್ಯಾಂಡ್ಸ್ ಆನ್ ಹರ್ ಟೈಮ್’ ಕೂಡ ಶುದ್ಧ ಇಂಗ್ಲಿಷೇ. ಸರಿ ಉತ್ತರಕ್ಕೆ ತಪ್ಪು ಗುರುತು ಬೀಳುತ್ತಿತ್ತು. ಈಗ ಪೂರ್ತಿ ವಾಕ್ಯ, ಕೆಳಗೆ ಕನ್ನಡದ ಅರ್ಥ.

‘ಇನ್‌ಕ್ರೀಸ್’ಗೆ ಎರಡು ಖಾಲಿ ಜಾಗ ಬೇಕು: ‘ಆ್ಯನ್ ಇನ್‌ಕ್ರೀಸ್ ಆಫ್ ಟೆನ್ ರುಪೀಸ್ ಇನ್ ದ ಫೇರ್’. ಎಷ್ಟು ಏರಿತು ಎನ್ನುವುದಕ್ಕೆ ಆಫ್, ಏನು ಏರಿತು ಎನ್ನುವುದಕ್ಕೆ ಇನ್. ಕ್ಲೋಜ್ (ವಾಕ್ಯದ ಪದ ಮುಚ್ಚಿ ಖಾಲಿ ಜಾಗ ಮಾಡುವ ಗುರುತು) ಹಾಕುವಾಗ ಎರಡಕ್ಕೂ ‘ಸಿ1’ ಸಂಖ್ಯೆಯನ್ನೇ ಕೊಡಿ. ಸಿ1, ಸಿ2 ಎಂದು ಕೊಟ್ಟರೆ ಎರಡು ಕಾರ್ಡಾಗಿ, ಒಂದು ಜಾಗ ಮುಚ್ಚಿದಾಗ ಇನ್ನೊಂದು ತೆರೆದೇ ಇದ್ದು ಸುಳಿವು ಕೊಡುತ್ತದೆ.

ಕಾರ್ಡಿನ ಹಿಂಬದಿಗೆ ಕ್ರಿಯಾಪದವೂ ಸೇರಿದೆ. ‘ಡಿಸ್ಕಷನ್ ಅಬೌಟ್’ ಕಲಿತವರು ‘ಡಿಸ್ಕಸ್ ಅಬೌಟ್’ ಎನ್ನತೊಡಗುತ್ತಾರೆ. ‘ಎಂಫಸಿಸ್ ಆನ್’ ನೋಡಿ ‘ಎಂಫಸೈಸ್ ಆನ್’ ಬರೆಯುತ್ತಾರೆ. ಈ ಕ್ರಿಯಾಪದಗಳಿಗೆ ನೇರವಾಗಿ ಕರ್ಮವೇ ಬರಬೇಕು. ಕಚೇರಿ ಪತ್ರಗಳಲ್ಲಿ ಈ ತಪ್ಪು ಎಷ್ಟು ಬೇರೂರಿದೆಯೆಂದರೆ, ತಿದ್ದಿದರೆ ತಿದ್ದಿದವರನ್ನೇ ಅನುಮಾನಿಸುತ್ತಾರೆ.

ಒಂದು ಕಾರ್ಡ್ 8 ಸಲ ಮರೆತರೆ ಆಂಕಿ ಅದನ್ನು ‘ಲೀಚ್’ ಎಂದು ಗುರುತಿಸುತ್ತದೆ (ಸೆಟ್ಟಿಂಗ್ ಮುಟ್ಟದಿದ್ದರೆ). ಅಂಥದನ್ನು ಮತ್ತೆ ಉರುಹೊಡೆಯಬೇಡಿ, ವಾಕ್ಯವನ್ನೇ ಬದಲಿಸಿ.

ಉಳಿದ ಕೆಲಸ: ‘ಆಬ್ಜೆಕ್ಷನ್ ಟು ಪೇಯಿಂಗ್’, ‘ಅಟೆಂಪ್ಟ್ ಟು ಪೇ’ ಇನ್ನೂ ಒಂದೇ ಟ್ಯಾಗಿನಲ್ಲಿವೆ. ಮೊದಲನೆಯ ‘ಟು’ ಮಾತ್ರ ಪ್ರಿಪೊಸಿಷನ್, ಆದ್ದರಿಂದ ಅಲ್ಲಿ ‘ಇಂಗ್’ ರೂಪ. ‘ಟು’ ನಂತರ ‘ಇಟ್’ ಹಾಕಿ ನೋಡಿ ಬೇರ್ಪಡಿಸಬೇಕು: ‘ಆಬ್ಜೆಕ್ಷನ್ ಟು ಇಟ್’ ನಿಲ್ಲುತ್ತದೆ, ‘ಅಟೆಂಪ್ಟ್ ಟು ಇಟ್’ ನಿಲ್ಲುವುದಿಲ್ಲ.